ಜಗಲಿ ಮಾತು: ‘ಅಜ್ಜಿ ಬಂತು’ ಅಂತ ಬರೆದರೆ ತಪ್ಪಾ?

ಕಳೆದ ಸಂಚಿಕೆಯಲ್ಲಿ ಸುಮ್ನೆ ಒಂದು ಮಾತು ಕೇಳಿದ್ದೆ. ನಿಮ್ಮ ಮನೆ, ನಿಮ್ಮ ಊರು, ನಿಮ್ಮಲ್ಲಿ ನಡೆದುಕೊಂಡು ಬಂದ ಪದ್ಧತಿ ಇವೆಲ್ಲ ಬರೆಯುವಾಗ ನಿಮಗೆ ಉಪಕಾರ ಮಾಡಿವೆಯಾ, ಅಡ್ಡ ಬಂದಿವೆಯಾ ಅಂತ. ನಾಲ್ಕು ಪತ್ರ ಬಂದರೆ ಜಾಸ್ತಿ ಅಂದುಕೊಂಡಿದ್ದೆ. ಒಂದು ಚೀಲ ಬಂದಿದೆ ಮಾರಾಯ್ರೆ. ಅದರಲ್ಲಿ ಮುಕ್ಕಾಲು ಪಾಲು ಕಾಸರಗೋಡು, ಮಂಜೇಶ್ವರ ಕಡೆಯವೇ. ಆಶ್ಚರ್ಯ ಏನಿಲ್ಲ. ಇಲ್ಲಿ ಅಡುಗೆಮನೆಯಲ್ಲಿ ಒಂದು ಭಾಷೆ, ತೋಟದಲ್ಲಿ ಒಂದು, ಶಾಲೆಯಲ್ಲಿ ಒಂದು, ವಿಲ್ಲೇಜ್ ಆಫೀಸಿಗೆ ಹೋದರೆ ಇನ್ನೊಂದು. ಸಪ್ತಭಾಷಾ ಸಂಗಮ ಭೂಮಿ ಅಂತ ಭಾಷಣದಲ್ಲಿ ಹೇಳುವಾಗ ಖುಷಿಯಾಗುತ್ತದೆ, ಕಥೆ ಬರೆಯಲು ಕೂತರೆ ಅದೇ ತಲೆನೋವು. ಹೆಸರು ಹಾಕಬೇಡಿ ಅಂತ ಹೆಚ್ಚಿನವರು ಕೇಳಿಕೊಂಡಿದ್ದಾರೆ. ಹಾಗಾಗಿ ಎಲ್ಲರ ಹೆಸರನ್ನೂ ಬಿಟ್ಟು ಪ್ರತಿ ಪತ್ರದ ಕೆಳಗೆ ಊರು ಮಾತ್ರ ಹಾಕಿದ್ದೇನೆ, ಅದರ ಕೆಳಗೆ ನನ್ನ ಉತ್ತರ.

ನನ್ನ ಊರು ಪೆರ್ಲದ ಹತ್ತಿರ, ಕೆಲಸ ಬೆಂಗಳೂರಲ್ಲಿ. ಮನೆಮಾತು ಹವ್ಯಕ ಕನ್ನಡ. ಕಥೆಯಲ್ಲಿ ಮನೆಯವರ ಮಾತನ್ನು ಪುಸ್ತಕದ ಕನ್ನಡದಲ್ಲಿ ಬರೆದರೆ ಧಾರಾವಾಹಿಯ ಹಾಗೆ ಕೇಳುತ್ತದೆ. ಹವ್ಯಕದಲ್ಲೇ ಬರೆದರೆ ನನ್ನ ರೂಮ್‌ಮೇಟ್‌ಗೇ ಅರ್ಥ ಆಗುವುದಿಲ್ಲ. ಎಂತ ಮಾಡುವುದು?
(ಪೆರ್ಲ)

ನಿಮ್ಮ ಪತ್ರ ಓದಿ ನಗು ಬಂತು, ಯಾಕೆಂದರೆ ನಾನು ಈ ಗುಂಡಿಗೆ ಬಿದ್ದು ಎದ್ದವನೇ. ನನ್ನದೂ ಅದೇ ಮನೆಮಾತು.

ನನ್ನ ಮೊದಲ ಕಥೆಯಲ್ಲಿ ಒಬ್ಬಳು ಅಜ್ಜಿ ಇದ್ದಳು. ಕುಂಬಳೆ ಸೀಮೆಯ ಹವ್ಯಕದಲ್ಲಿ ಹೆಂಗಸರಿಗೆ ‘ಅದು’ ಅನ್ನುತ್ತೇವೆ ಅಲ್ವಾ. ಅಬ್ಬೆ ಬಂತು, ಅತ್ತೆ ಹೋತು, ಅಜ್ಜಿ ಉಂಡತ್ತು. ಹೊರಗಿನವರಿಗೆ ಇದು ಮರ್ಯಾದೆ ಇಲ್ಲದ ಮಾತಾಗಿ ಕೇಳಿಸುತ್ತದೆ, ಹೆಣ್ಣನ್ನು ವಸ್ತು ಮಾಡಿದ್ದಾರೆ ಅಂತ ಯಾರಾದರೂ ಲೇಖನ ಬರೆಯಲೂ ಸಾಕು. ಆದರೆ ಮನೆಯೊಳಗೆ ಆ ‘ಬಂತು’ವಿನಲ್ಲಿ ಇರುವ ಸಲಿಗೆ ಬೇರೆ. ಬರೆಯಲು ಕೂತಾಗ ಕೈ ನಿಂತಿತು. ‘ಅಜ್ಜಿ ಬಂದಳು’ ಅಂದರೆ ಬೈದ ಹಾಗಾಯಿತು. ‘ಅಜ್ಜಿ ಬಂದರು’ ಅಂದರೆ ಯಾರೋ ನೆಂಟರು ಬಸ್ಸಿಳಿದು ಬಂದ ಹಾಗೆ. ಕಡೆಗೆ ಧೈರ್ಯ ಮಾಡಿ ‘ಅಜ್ಜಿ ಬಂತು’ ಅಂತಲೇ ಬರೆದು ಕಳಿಸಿದೆ. ಪತ್ರಿಕೆಯವರು ಅಚ್ಚು ಮಾಡುವಾಗ ಎಲ್ಲ ‘ಬಂತು’ಗಳನ್ನೂ ತಿದ್ದಿ ‘ಬಂದರು’ ಮಾಡಿದ್ದರು. ಪಾಪ, ಅವರಿಗೆ ಅದು ವ್ಯಾಕರಣ ತಪ್ಪು. ನಾನು ಹೆಮ್ಮೆಯಿಂದ ಪತ್ರಿಕೆಯನ್ನು ಅಜ್ಜಿಯ ಕೈಗೆ ಕೊಟ್ಟೆ. ಅಜ್ಜಿ ಕನ್ನಡಕ ಏರಿಸಿ ಎರಡು ಪುಟವನ್ನೂ ಓದಿ, ಪತ್ರಿಕೆ ಮಡಚಿ, ಕೇಳಿದ್ದು ಒಂದೇ ಮಾತು: ‘ಇದು ಆರ ಅಜ್ಜಿ? ಪೇಟೆದೊ?’ ಇದು ಯಾರ ಅಜ್ಜಿ, ಪೇಟೆಯದ್ದಾ ಅಂತ.

ನನಗೆ ಸಿಕ್ಕ ಮೊದಲ ವಿಮರ್ಶೆ ಅದು. ಅಷ್ಟು ಒಳ್ಳೆಯದು ಆಮೇಲೆ ಸಿಕ್ಕಿಲ್ಲ.

ಹಾಗಂತ ಪೂರ್ತಿ ಹವ್ಯಕದಲ್ಲಿ ಬರೆಯಿರಿ ಅನ್ನುತ್ತಿಲ್ಲ. ಬರೆದರೆ ತಪ್ಪೂ ಇಲ್ಲ, ಆ ಭಾಷೆಯಲ್ಲಿ ಓದುವವರು ಇದ್ದಾರೆ. ಆದರೆ ನಿಮಗೆ ರೂಮ್‌ಮೇಟ್ ಕೂಡ ಓದಬೇಕು. ನಾನು ಮಾಡುವುದು ಇಷ್ಟು. ಕಥೆ ಹೇಳುವ ಮಾತು ಎಲ್ಲರ ಕನ್ನಡ. ಪಾತ್ರಗಳ ಮಾತಿನಲ್ಲಿ, ಬೇರೆ ಕನ್ನಡಕ್ಕೆ ತಿರುಗಿಸಿದರೆ ಸತ್ತೇ ಹೋಗುವಂಥವನ್ನು ಮಾತ್ರ ಹಾಗೇ ಬಿಡುತ್ತೇನೆ. ಯಾವುದು ಸಾಯುತ್ತದೆ ಅಂತ ಹೇಗೆ ಗೊತ್ತಾಗುತ್ತದೆ? ಗಟ್ಟಿಯಾಗಿ ಓದಿ ನೋಡಿ.

ಒಂದು ಉದಾಹರಣೆ. ನಮ್ಮಲ್ಲಿ ಮನೆಗೆ ಯಾರು ಬಂದರೂ ಕಾಲು ತೊಳೆದು ಜಗಲಿ ಹತ್ತಿದ ಕೂಡಲೇ ಬರುವ ಪ್ರಶ್ನೆ: ‘ಆಸರಿಂಗೆ ಎಂತಕ್ಕು?’ ಆಸರು ಅಂದರೆ ಬಾಯಾರಿಕೆ. ಬಾಯಾರಿಕೆಗೆ ಏನಾಗಬಹುದು ಅಂತ ಅರ್ಥ. ಕೇಳುವಾಗಲೇ ಒಂದು ಕೈಯಲ್ಲಿ ನೀರಿನ ಚೆಂಬು, ಇನ್ನೊಂದರಲ್ಲಿ ಬೆಲ್ಲದ ತುಂಡಿನ ತಟ್ಟೆ ಇರುತ್ತದೆ, ಅಂದರೆ ಉತ್ತರ ಆಗಲೇ ಬಂದಾಗಿದೆ, ಪ್ರಶ್ನೆ ಬರೀ ‘ನೀನು ಬಂದದ್ದು ಕಂಡೆ’ ಅಂತ ಹೇಳಲಿಕ್ಕೆ. ಇದನ್ನು ‘ಕುಡಿಯಲು ಏನು ಬೇಕು?’ ಅಂತ ಬರೆಯಿರಿ. ಹೋಟೆಲ್ ಮಾಣಿ ಬಂದು ನಿಂತ ಹಾಗಾಯಿತೋ ಇಲ್ಲವೋ? ಅಂಥ ಕಡೆ ಮನೆಮಾತೇ ಇರಲಿ. ಚೆಂಬು, ಬೆಲ್ಲ, ಜಗಲಿ ಎಲ್ಲ ಪಕ್ಕದಲ್ಲೇ ಇದ್ದರೆ ನಿಮ್ಮ ರೂಮ್‌ಮೇಟ್ ಎಲ್ಲಿಯವಳಾದರೂ ಅರ್ಥ ಮಾಡಿಕೊಳ್ಳುತ್ತಾಳೆ. ಅರ್ಥ ಬರೆದು ಆವರಣದಲ್ಲಿ ಹಾಕಬೇಡಿ. ಓದುಗರನ್ನು ಎರಡನೇ ಕ್ಲಾಸಿನ ಮಕ್ಕಳ ಹಾಗೆ ಕೂರಿಸಬಾರದು. (ಇಲ್ಲಿ ನಾನೇ ಅರ್ಥ ಹೇಳಿಬಿಟ್ಟೆ ನಿಜ. ಇದು ಕಥೆಯಲ್ಲ, ಅಂಕಣ. ನನಗೆ ಮಾಫಿ ಇದೆ.)

ಮಂಜೇಶ್ವರದ ಕಡೆ ನಮ್ಮದು ತುಳು ಮನೆ. ಮನೆಗೆ ಸೇರಿದ ದೈವವಿದೆ, ವರ್ಷಕ್ಕೊಮ್ಮೆ ಕೋಲ ಆಗುತ್ತದೆ. ಇದರ ಮೇಲೆ ಕಾದಂಬರಿ ಬರೆಯಬೇಕು ಅಂತ ಆಸೆ. ಮಾವ ಮಾತ್ರ ‘ಅದನ್ನೆಲ್ಲ ಬರೆಯಬಾರದು’ ಅನ್ನುತ್ತಾರೆ. ಗೆಳೆಯರು ‘ಈಗ ಅದಕ್ಕೇ ಡಿಮ್ಯಾಂಡ್, ಬೇಗ ಬರಿ’ ಅನ್ನುತ್ತಾರೆ.
(ಮಂಜೇಶ್ವರ)

ಇಬ್ಬರ ಮಾತೂ ಕೇಳಬೇಡಿ, ಆದರೆ ಗೆಳೆಯರದ್ದನ್ನು ಮೊದಲು ಬಿಡಿ. ‘ಕಾಂತಾರ’ ಸಿನಿಮಾ ಬಂದ ಮೇಲೆ ದೈವದ ಕಥೆಗಳು ಮಳೆಗಾಲದ ಅಣಬೆ ಹಾಗೆ ಎದ್ದಿವೆ. ನನಗೆ ಓದಲು ಕಳಿಸಿದವುಗಳಲ್ಲೇ ಎಷ್ಟೋ ಕಥೆ ದೀವಟಿಗೆ ಬೆಳಕಿನಲ್ಲಿ ಶುರುವಾಗಿ ಒಂದು ಕೂಗಿನಲ್ಲಿ ಮುಗಿಯುತ್ತವೆ. ನಡುವೆ ಮನುಷ್ಯರೇ ಇಲ್ಲ.

ನಿಮ್ಮ ಮಾವ ಯಾಕೆ ಬೇಡ ಅನ್ನುತ್ತಾರೆ? ಹೆದರಿಕೆಯಾ, ಭಕ್ತಿಯಾ, ಅಥವಾ ಮನೆಯ ಒಳಗಿನ ಜಗಳ ಏನಾದರೂ ಹೊರಗೆ ಬೀಳುತ್ತದೆ ಅಂತಲಾ? ನನ್ನ ಗುಮಾನಿ ಮೂರನೆಯದ್ದರ ಮೇಲೆ. ನಿಮ್ಮ ಕಾದಂಬರಿಯೂ ಅಲ್ಲಿಯೇ ಇದೆ. ಕೋಲದ ಖರ್ಚಿಗೆ ಯಾರು ಎಷ್ಟು ಹಾಕಿದರು, ಮುಂಬೈಯಲ್ಲಿರುವ ತಮ್ಮ ದುಡ್ಡು ಕಳಿಸಿ ತಾನು ಬರಲಿಲ್ಲ ಯಾಕೆ, ಪ್ರಸಾದ ಮೊದಲು ಯಾರಿಗೆ ಕೊಟ್ಟರು, ಯಾರು ಎಲ್ಲಿ ನಿಂತಿದ್ದರು, ಯಾರಿಗೆ ಒಳಗೆ ಬಾ ಅಂದರು, ಯಾರಿಗೆ ಅನ್ನಲಿಲ್ಲ.

ಇನ್ನೊಂದು ವಿಷಯ, ಸ್ವಲ್ಪ ಖಾರ ಇದೆ, ಬೇಜಾರು ಮಾಡಿಕೊಳ್ಳಬೇಡಿ. ‘ನಮ್ಮ ಮನೆಯ ದೈವ’ ಅನ್ನುತ್ತೀರಿ. ದೈವವನ್ನು ಮೈಮೇಲೆ ಹೊರುವವರು ನಲಿಕೆ, ಪಂಬದ, ಪರವ ಸಮುದಾಯದವರು. ದೈವದ ಕಥೆ ಹೇಳುವ ಹಾಡು, ಪಾಡ್ದನ, ಅವರ ಬಾಯಲ್ಲಿದೆ, ಗದ್ದೆಯಲ್ಲಿ ನೇಜಿ ನೆಡುತ್ತಿದ್ದ ಹೆಂಗಸರ ಬಾಯಲ್ಲಿತ್ತು. ಆ ರಾತ್ರಿ ಯಜಮಾನ ಕೈಮುಗಿದು ನಿಂತು ಅವರ ನುಡಿ ಕೇಳುತ್ತಾನೆ. ಬೆಳಗಾದ ಮೇಲೆ? ಬಣ್ಣ ತೊಳೆದುಕೊಂಡು ಅಂಗಳದ ಬದಿಯಲ್ಲಿ ಕೂತವರಿಗೆ ಚಾ ಯಾವ ಲೋಟದಲ್ಲಿ ಬಂತು ಅಂತ ನಿಮಗೆ ನೆನಪಿದೆಯಾ? ಕೋಲದ ರಾತ್ರಿಯನ್ನು ಬಿಡಿ. ಮರುದಿನದಿಂದ ಶುರು ಮಾಡಿ. ಅಂಗಳದಲ್ಲಿ ಬಾಡಿದ ತೆಂಗಿನ ಎಳೆಗರಿಯನ್ನು ಯಾರೋ ಗುಡಿಸುತ್ತಿದ್ದಾರೆ, ಚಪ್ಪರದವರು ಬಾಡಿಗೆಗೆ ಕಾಯುತ್ತಿದ್ದಾರೆ, ಒಳಗೆ ಇಬ್ಬರು ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ.

ಚಂದ್ರಗಿರಿ ಹೊಳೆ ದಾಟಿ ದಕ್ಷಿಣಕ್ಕೆ ಹೋದರೆ ಇದೇ ನೆಲದಲ್ಲಿ ಕೋಲ ಹೋಗಿ ತೆಯ್ಯಂ ಆಗುತ್ತದೆ, ತುಳು ಪಾಡ್ದನದ ಜಾಗಕ್ಕೆ ಮಲಯಾಳದ ತೋಟ್ಟಂ ಬರುತ್ತದೆ. ಬರೆಯುವ ಮೊದಲು ಒಂದು ಸಲ ಹೋಗಿ ನೋಡಿ ಬನ್ನಿ. ನಮ್ಮದು ಮಾತ್ರ ಅಂತ ಅಂದುಕೊಂಡಿದ್ದರಲ್ಲಿ ಎಷ್ಟು ನಮ್ಮದು ಅಂತ ಗೊತ್ತಾಗುತ್ತದೆ.

ಕಾಸರಗೋಡಿನ ಲೇಖಕರನ್ನು ‘ಗಡಿನಾಡ ಸಾಹಿತಿ’ ಅಂತ ಕರೆದು ನವೆಂಬರ್‌ನಲ್ಲಿ ಮಾತ್ರ ಶಾಲು ಹೊದೆಸುತ್ತಾರೆ. ನಿಮಗೆ ಸಿಟ್ಟು ಬರುವುದಿಲ್ಲವಾ?
(ಬದಿಯಡ್ಕ)

ಬರುತ್ತಿತ್ತು. ಈಗ ಶಾಲುಗಳನ್ನು ಅಡಕೆ ಚೀಲಕ್ಕೆ ಮುಚ್ಚಲು ಉಪಯೋಗಿಸುತ್ತೇನೆ.

ತಮಾಷೆ ಬಿಡಿ. 1956ರ ನವೆಂಬರ್ 1ರಂದು ರಾಜ್ಯಗಳು ಹೊಸದಾಗಿ ಹಂಚಿಕೆಯಾದಾಗ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಹೋಯಿತು. ಅದೇ ದಿನ ಅಲ್ಲಿ ರಾಜ್ಯೋತ್ಸವ, ಇಲ್ಲಿ ಕೇರಳ ಪಿರವಿ. ಚಂದ್ರಗಿರಿಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂತ 1967ರಲ್ಲಿ ಮಹಾಜನ ಆಯೋಗ ಹೇಳಿತು, ಅದು ಕಾಗದದಲ್ಲೇ ಉಳಿಯಿತು. ನವೆಂಬರ್ ಒಂದರಂದು ನಮ್ಮೂರ ಕನ್ನಡ ಮೇಷ್ಟ್ರುಗಳು ಬೆಳಿಗ್ಗೆ ಶಾಲೆಯಲ್ಲಿ ಒಂದು ಹಾಡು ಹಾಡಿಸಿ, ಸಂಜೆ ಮಂಗಳೂರಿನ ಬಸ್ಸು ಹತ್ತಿ ಇನ್ನೊಂದು ಹಾಡಿಗೆ ಎದ್ದು ನಿಂತದ್ದನ್ನು ನಾನು ಕಂಡಿದ್ದೇನೆ. ಅದು ಎರಡು ದೋಣಿಯಲ್ಲಿ ಕಾಲಿಡುವುದಲ್ಲ, ಸಂಬಳ ಒಂದು ಕಡೆ, ಮನಸ್ಸು ಒಂದು ಕಡೆ, ಅಷ್ಟೇ.

ಬದಿಯಡ್ಕದವರು ನೀವು, ನಿಮಗೆ ಕಯ್ಯಾರ ಕಿಂಞಣ್ಣ ರೈಗಳ (1915–2015) ಬಗ್ಗೆ ನಾನು ಹೇಳುವುದು ಬೇಡ. ಮನೆಮಾತು ತುಳು, ತುಳುವಿನಲ್ಲೂ ಬರೆದರು. ಆದರೆ ಹೋರಾಡಿದ್ದು ಕನ್ನಡದ ನೆಲಕ್ಕಾಗಿ. ಪೆರಡಾಲದಲ್ಲಿ ಪಾಠ ಮಾಡಿ ಬಂದು ತೋಟದ ಕೆಲಸಕ್ಕೆ ಇಳಿಯುತ್ತಿದ್ದ ಮನುಷ್ಯ. ಅವರ ಪದ್ಯಗಳಲ್ಲಿ ಸಿಟ್ಟು ಇದೆ ನಿಜ, ಆ ಸಿಟ್ಟಿಗೆ ಮಣ್ಣು ಮೆತ್ತಿಕೊಂಡಿದೆ. ಇನ್ನೊಂದು ಕಡೆ ಕಾರಡ್ಕದ ಕೆ.ವಿ. ತಿರುಮಲೇಶ್ (1940–2023). ಹೈದರಾಬಾದಿನಲ್ಲಿ ಭಾಷಾಶಾಸ್ತ್ರ ಕಲಿಸುತ್ತಾ ಕನ್ನಡದಲ್ಲಿ ಬರೆದರು. ಅವರನ್ನು ಓದುವಾಗ ಗಡಿ ಗಿಡಿ ನನಗೆ ನೆನಪಾದದ್ದೇ ಇಲ್ಲ. ಒಬ್ಬರು ಊರಲ್ಲೇ ಬೇರುಬಿಟ್ಟರು, ಇನ್ನೊಬ್ಬರು ಹೊರಟು ಹೋದರು. ಎರಡೂ ಕಾಸರಗೋಡೇ.

ಬಿರುದು ಕೊಡುವವರು ಕೊಡಲಿ. ನೀವೇ ನಿಮ್ಮ ಕಥೆಯಲ್ಲಿ ‘ಗಡಿನಾಡು’ ಅನ್ನುವ ಶಬ್ದ ಬರೆಯಬೇಡಿ. ಇಲ್ಲಿ ಬದುಕುವ ಯಾರೂ ‘ನಾನು ಗಡಿನಾಡಿನಿಂದ ಮೀನು ತರಲು ಹೋದೆ’ ಅನ್ನುವುದಿಲ್ಲ.

ನಾನು ಮೊಗ್ರಾಲಿನವಳು. ಮನೆಯಲ್ಲಿ ಮಲಯಾಳ, ಓದಿದ್ದು ಕನ್ನಡ ಶಾಲೆಯಲ್ಲಿ. ಮನೆಯ ಹೆಂಗಸರ ಬಗ್ಗೆ ಬರೆಯಬೇಕು ಅನ್ನಿಸುತ್ತದೆ. ಉಮ್ಮ ಹೇಳುತ್ತಾರೆ, ‘ಏನು ಬೇಕಾದರೂ ಬರಿ, ನಮ್ಮನ್ನು ಮಾತ್ರ ಬಿಡು’. ಬಿಟ್ಟರೆ ಬರೆಯಲು ಏನೂ ಉಳಿಯುವುದಿಲ್ಲ.
(ಮೊಗ್ರಾಲ್)

ಈ ಪತ್ರವನ್ನು ನಾನು ಒಂದು ವಾರ ಮೇಜಿನ ಮೇಲೆ ಇಟ್ಟುಕೊಂಡಿದ್ದೆ.

ನಿಮಗೆ ಹತ್ತಿರದಲ್ಲೇ ಒಂದು ದಾರಿ ಇದೆ. ಸಾರಾ ಅಬೂಬಕ್ಕರ್ (1936–2023) ಹುಟ್ಟಿದ್ದು ಕಾಸರಗೋಡಿನಲ್ಲಿ, ಓದಿದ್ದು ಕನ್ನಡ ಶಾಲೆಯಲ್ಲಿ. ಬರೆಯಲು ಹೊರಟಾಗ ನಲವತ್ತು ದಾಟಿತ್ತು. ಮದುವೆ, ತಲಾಖ್, ಹೆಣ್ಣುಮಕ್ಕಳ ಓದು, ಚಂದ್ರಗಿರಿ ದಡದ ಮನೆಗಳ ಒಳಗಿನ ಕಣ್ಣೀರು, ಇವನ್ನೆಲ್ಲ ಅವರು ಕನ್ನಡದಲ್ಲಿ ಬರೆದರು, ವಿರೋಧವನ್ನೂ ಎದುರಿಸಿದರು. ಬೈದವರಿಗೆ ಹೆದರಿ ನಿಲ್ಲಿಸಲಿಲ್ಲ. ಅವರನ್ನು ಓದಿ. ಆದರೆ ಅವರ ಕಥೆಯನ್ನೇ ಮತ್ತೆ ಬರೆಯಬೇಡಿ. ಈಗ ನಿಮ್ಮ ಮನೆಯ ಹೆಂಗಸರ ಕಷ್ಟವೂ ಸುಖವೂ ಬೇರೆಯೇ ಇರುತ್ತದೆ.

ಉಮ್ಮನ ಮಾತಿಗೆ ಬರೋಣ. ಇಲ್ಲಿ ನಾನು ದೊಡ್ಡ ಮಾತಾಡುವ ಹಾಗಿಲ್ಲ, ಯಾಕೆಂದರೆ ನಾನು ತಪ್ಪು ಮಾಡಿದ್ದೇನೆ.

ನನಗೊಬ್ಬರು ಅತ್ತೆ ಇದ್ದರು, ಅಪ್ಪನ ತಂಗಿ. ಮದುವೆಯಾದ ಎರಡನೇ ವರ್ಷ ಒಂದು ಟ್ರಂಕು ಹಿಡಿದು ವಾಪಸು ಬಂದರು. ಯಾಕೆ ಅಂತ ಮನೆಯಲ್ಲಿ ಯಾರೂ ಕೇಳಲಿಲ್ಲ, ಕೇಳಬಾರದು ಅನ್ನುವುದೇ ಪದ್ಧತಿ. ಆಮೇಲೆ ನಲವತ್ತು ವರ್ಷ ಆ ಮನೆಯ ಉಪ್ಪಿನಕಾಯಿ, ಹಪ್ಪಳ, ಉಪ್ಪುಸೊಳೆ ಎಲ್ಲ ಅವರ ಕೈಯದ್ದು. ಹಲಸಿನ ಸೊಳೆಯನ್ನು ಉಪ್ಪು ಹಾಕಿ ಭರಣಿಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟುವಾಗ ಅವರಿಗೊಂದು ಅಭ್ಯಾಸ ಇತ್ತು. ಮೂರು ಗಂಟು ಹಾಕುವುದು, ನಾಲ್ಕನೆಯದ್ದು ಹಾಕುವುದು, ಸ್ವಲ್ಪ ಹೊತ್ತು ನೋಡುವುದು, ನಾಲ್ಕನೆಯದ್ದನ್ನು ಬಿಚ್ಚುವುದು. ಪ್ರತಿ ವರ್ಷ. ನಾನು ಅವರ ಮೇಲೆ ಕಥೆ ಬರೆದೆ. ಹೆಸರು ಬದಲಿಸಿದೆ, ಊರು ಬದಲಿಸಿದೆ, ಜಾತಿಯನ್ನೂ ಬದಲಿಸಿದೆ. ಗಂಟು ಮಾತ್ರ ಬಿಡಲು ಮನಸ್ಸು ಬರಲಿಲ್ಲ, ಅಷ್ಟು ಚಂದ ಇತ್ತಲ್ಲ. ಯಾಕೆ ವಾಪಸು ಬಂದರು ಅನ್ನುವುದಕ್ಕೆ ನಾನೇ ಒಂದು ಕಾರಣ ಕಟ್ಟಿದೆ, ಕಥೆಗೆ ಬೇಕಲ್ಲ. ಕಥೆಗೆ ಬಹುಮಾನ ಕೂಡ ಬಂತು.

ಮುಂದಿನ ಸಲ ಊರಿಗೆ ಹೋದಾಗ ಅತ್ತೆ ಜಗಲಿಯಲ್ಲೇ ಇದ್ದರು. ನಾನು ಕಾಲು ತೊಳೆದು ಹತ್ತಿದೆ. ಅವರು ಎದ್ದು ನಿಂತು ಕೇಳಿದರು: ‘ಕುಡಿಯಲು ಏನು ಬೇಕು ನಿಮಗೆ?’

ಪುಸ್ತಕದ ಕನ್ನಡದಲ್ಲಿ. ನಿಮಗೆ ಅಂತ. ಜೀವಮಾನದಲ್ಲಿ ನನ್ನ ಹತ್ತಿರ ಆ ಭಾಷೆ ಆಡಿದವರಲ್ಲ ಅವರು. ಸಾಯುವವರೆಗೂ ಅದನ್ನು ಬಿಡಲಿಲ್ಲ.

ಹಾಗಾದರೆ ಬರೆಯಬಾರದಾ? ಬರೆಯಿರಿ. ಆದರೆ ಉಮ್ಮ ‘ನಮ್ಮನ್ನು ಬಿಡು’ ಅಂದಾಗ ಏನನ್ನು ಬಿಡು ಅನ್ನುತ್ತಿದ್ದಾರೆ ಅಂತ ಕೂತು ಕೇಳಿ. ಎಲ್ಲವನ್ನೂ ಅಲ್ಲ, ಯಾವುದೋ ಒಂದೇ ಒಂದು ಸಂಗತಿ ಇರುತ್ತದೆ. ಅದನ್ನು ಬಿಟ್ಟುಬಿಡಿ, ಉಳಿದದ್ದೇ ಬೇಕಾದಷ್ಟು. ನಿಮ್ಮ ಮೊಗ್ರಾಲ್ ಮಾಪ್ಪಿಳ ಪಾಟ್ಟಿನ, ಅಂದರೆ ಮಲಬಾರಿನ ಮುಸ್ಲಿಮರ ಹಾಡುಗಳ ಊರು, ಇಶಲ್ ಗ್ರಾಮ ಅಂತ ಹೆಸರು ಪಡೆದದ್ದು. ಮದುವೆ ಮನೆಯಲ್ಲಿ ಕೈತಟ್ಟಿ ಹಾಡುವ ಹೆಂಗಸರು ನಿಮ್ಮ ಮನೆಯಲ್ಲೂ ಇರಬೇಕು. ಅವರು ಹಾಡಿನ ನಡುವೆ ಒಬ್ಬರ ಕಿವಿಯಲ್ಲಿ ಒಬ್ಬರು ಹೇಳಿಕೊಂಡು ನಗುತ್ತಾರಲ್ಲ, ಅದು ಕನ್ನಡದಲ್ಲಿ ಬಂದದ್ದನ್ನು ನಾನು ಓದಿಲ್ಲ. ಮತ್ತೆ ನನ್ನ ಹಾಗೆ ಕಾರಣ ಕಟ್ಟಬೇಡಿ. ಅತ್ತೆಗೆ ನೋವಾದದ್ದು ಗಂಟಿನಿಂದ ಅಲ್ಲ ಅಂತ ಈಗ ಅನ್ನಿಸುತ್ತದೆ. ಅವರು ಯಾರಿಗೂ ಹೇಳದೆ ಇಟ್ಟುಕೊಂಡ ಜಾಗದಲ್ಲಿ ನಾನು ನನ್ನ ಸುಳ್ಳನ್ನು ತುಂಬಿಸಿದೆ.

ವಯಸ್ಸು 66. ಚಿಕ್ಕಂದಿನಿಂದ ತಾಳಮದ್ದಳೆ ಕೇಳಿ ಬೆಳೆದವನು, ಪಾತ್ರವಾಗಿ ಕೂತು ಸ್ವಲ್ಪ ಅರ್ಥವನ್ನೂ ಹೇಳಿದ್ದೇನೆ. ನಿವೃತ್ತನಾದ ಮೇಲೆ ಪ್ರಬಂಧ ಬರೆಯುತ್ತಿದ್ದೇನೆ. ಸಂಪಾದಕರು ‘ವಾಕ್ಯ ಉದ್ದ, ಮಾತು ಜಾಸ್ತಿ’ ಅಂತ ವಾಪಸು ಕಳಿಸುತ್ತಾರೆ.
(ಕುಂಬಳೆ)

ಅಣ್ಣಾ, ಕುಂಬಳೆಯವರಿಗೆ ಮಾತು ಕಡಿಮೆ ಮಾಡಿ ಅಂದರೆ ಯಕ್ಷಗಾನ ಕವಿ ಪಾರ್ತಿಸುಬ್ಬನೇ ಎದ್ದು ಬಂದಾನು. ಅವನ ಹೆಸರಿನಲ್ಲಿರುವ ರಾಮಾಯಣ ಪ್ರಸಂಗದ ಪದಗಳನ್ನು ಭಾಗವತರು ಎತ್ತಿದರೆ ನನಗೆ ಈಗಲೂ ಬೆನ್ನು ನೆಟ್ಟಗಾಗುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಕೇಳಲು ಟಾರ್ಚ್ ಹಿಡಿದು ಗುಡ್ಡ ದಾಟಿ ಹೋಗುತ್ತಿದ್ದವರ ಸಾಲಿನಲ್ಲಿ ನಾನೂ ಇದ್ದೆ.

ಆದರೆ ಒಂದು ಯೋಚನೆ ಮಾಡಿ. ತಾಳಮದ್ದಳೆಯಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಭಾಗವತರ ಪದ ಬಿಟ್ಟರೆ ಬರೀ ಮಾತು. ಅಲ್ಲಿ ವಾಲಿ ಹತ್ತು ನಿಮಿಷ ಒಂದೇ ಉಸಿರಿನಲ್ಲಿ ಮಾತಾಡಿದರೂ ಯಾಕೆ ಬೇಸರ ಬರುವುದಿಲ್ಲ? ಎದುರಿಗೆ ರಾಮ ಕೂತಿದ್ದಾನೆ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದು ಯಾವ ಧರ್ಮ ಅಂತ ವಾಲಿ ಕೇಳುವಾಗ, ಸಭೆಯಲ್ಲಿ ಇರುವವರು ವಾಲಿಯನ್ನು ಕೇಳುತ್ತಾ ರಾಮನ ಮುಖ ನೋಡುತ್ತಿರುತ್ತಾರೆ. ಇವನು ಏನು ಉತ್ತರ ಕೊಡುತ್ತಾನೆ, ಹೇಗೆ ತಪ್ಪಿಸಿಕೊಳ್ಳುತ್ತಾನೆ ಅಂತ. ನಿಮ್ಮ ಪ್ರಬಂಧದ ಉದ್ದ ವಾಕ್ಯಕ್ಕೆ ಎದುರಿಗೆ ಯಾರು ಕೂತಿದ್ದಾರೆ? ಯಾರೂ ಇಲ್ಲದಿದ್ದರೆ ಅದು ಅರ್ಥಗಾರಿಕೆ ಅಲ್ಲ, ಧ್ವನಿವರ್ಧಕದ ಘೋಷಣೆ. ನಿಮ್ಮ ಮಾತನ್ನು ಒಪ್ಪದ ಒಬ್ಬನನ್ನು ಪುಟದೊಳಗೇ ಕೂರಿಸಿ. ಹೆಂಡತಿಯನ್ನಾದರೂ ಕೂರಿಸಿ, ಅವರಿಗೆ ಅಭ್ಯಾಸ ಇದ್ದೀತು. ವಾಕ್ಯ ಉದ್ದವೇ ಇರಲಿ. ಸಂಪಾದಕರು ಮತ್ತೂ ವಾಪಸು ಕಳಿಸಿದರೆ ನನಗೆ ಕಳಿಸಿ.

ನಮ್ಮ ಅಪ್ಪನಿಗೆ ವರ್ಗಾವಣೆಯ ಕೆಲಸ. ಕ್ವಾರ್ಟರ್ಸ್‌ಗಳಲ್ಲೇ ಬೆಳೆದೆ. ದೈವ, ತರವಾಡು ಮನೆ, ತೋಟ ಏನೂ ಇಲ್ಲ. ನನ್ನಂಥವನು ಏನನ್ನು ಬರೆಯಬೇಕು?
(ವಿದ್ಯಾನಗರ, ಕಾಸರಗೋಡು)

ಕ್ವಾರ್ಟರ್ಸನ್ನೇ ಬರೆಯಿರಿ. ಖಾಲಿ ಮಾಡುವ ದಿನ ಗೋಡೆಯಿಂದ ಮೊಳೆ ಕೀಳುವುದು, ಬಲ್ಬು ಬಿಚ್ಚಿಕೊಳ್ಳುವುದು, ತುಳಸಿ ಗಿಡವನ್ನು ಪಕ್ಕದ ಮನೆಯವರಿಗೆ ಕೊಡುವುದು, ಇದೆಲ್ಲ ನಿಮ್ಮ ಮನೆಯ ವಿಧಿಗಳಲ್ಲವಾ? ಅಮ್ಮ ಹೊಸ ಊರಲ್ಲಿ ಮೊದಲು ಯಾವ ಪಾತ್ರೆ ಬಿಚ್ಚುತ್ತಿದ್ದರು ಅಂತ ನೆನಪು ಮಾಡಿಕೊಳ್ಳಿ.

ಇನ್ನು, ನಮ್ಮ ಮನೆಯದ್ದನ್ನೇ ಬರೆಯಬೇಕು ಅಂತ ಕಾಯಿದೆ ಎಲ್ಲಿದೆ? ಮಂಜೇಶ್ವರದ ಗೋವಿಂದ ಪೈಗಳ (1883–1963) ಮನೆಮಾತು ಕೊಂಕಣಿ. ಅವರು ಕನ್ನಡದಲ್ಲಿ ಏಸುವಿನ ಕೊನೆಯ ದಿನದ ಮೇಲೆ ಖಂಡಕಾವ್ಯ ಬರೆದರು, ಬುದ್ಧನ ಕೊನೆಯ ದಿನದ ಮೇಲೆ ಇನ್ನೊಂದು ಬರೆದರು. 1949ರಲ್ಲಿ ಮದರಾಸು ಸರಕಾರ ಅವರನ್ನು ರಾಷ್ಟ್ರಕವಿ ಅಂದಾಗ, ಇದು ನಿಮ್ಮ ಮನೆತನದ್ದಾ ಅಂತ ಯಾರೂ ದಾಖಲೆ ಕೇಳಲಿಲ್ಲ.

ನಮ್ಮ ಕನ್ನಡದಲ್ಲಿ ತುಂಬ ಮಲಯಾಳ ಶಬ್ದ ಬರುತ್ತದೆ. ಮೈಸೂರಿನ ಗೆಳೆಯರು ನಗುತ್ತಾರೆ. ಬರೆಯುವಾಗ ತೆಗೆದುಬಿಡಬೇಕಾ?
(ಮುಳ್ಳೇರಿಯ)

ನಿಮ್ಮ ಅಮ್ಮ ತೊಳಿಲುರಪ್ಪಿಗೆ ಹೋಗುತ್ತಾರೆ ಅಂತ ಬರೆದಿದ್ದೀರಿ. ಅದನ್ನು ‘ಉದ್ಯೋಗ ಖಾತರಿ’ ಅಂತ ಬದಲಿಸಿ ನೋಡಿ, ಅಮ್ಮನೇ ಬೇರೆ ಆಗುತ್ತಾರೆ. ಭಾನುವಾರದ ಕುಡುಂಬಶ್ರೀ ಹೆಂಗಸರ ಸಭೆ, ಸರಕಾರಿ ಅರ್ಜಿ ಹಾಕಲು ಅಕ್ಷಯ ಕೇಂದ್ರದ ಕ್ಯೂ, ಹರ್ತಾಳದ ದಿನ ಬೈಕಿನಲ್ಲಿ ಒಳದಾರಿ ಹಿಡಿಯುವುದು, ಪಿಎಸ್‌ಸಿ ಪರೀಕ್ಷೆಗೆ ಮಲಯಾಳ ಕಲಿಯುವ ಕನ್ನಡ ಹುಡುಗರು, ಇದು ನಮ್ಮ ಕನ್ನಡ. 2017ರಲ್ಲಿ ಕೇರಳದ ಶಾಲೆಗಳಲ್ಲಿ ಮಲಯಾಳ ಕಡ್ಡಾಯದ ಕಾನೂನು ಬಂದಾಗ ಇಲ್ಲಿ ಆತಂಕ ಆಯಿತು, ಪ್ರತಿಭಟನೆಯೂ ಆಯಿತು, ಅದು ಸರಿ. ಹೇರಿಕೆ ಬೇರೆ. ಬಸ್ ಸ್ಟ್ಯಾಂಡಿನಲ್ಲಿ, ಮೀನು ಮಾರ್ಕೆಟಿನಲ್ಲಿ ಬಾಯಿಗೆ ಬಂದು ಸೇರಿದ ಶಬ್ದ ಬೇರೆ. ಮೈಸೂರಿನವರು ನಗಲಿ. ನಗುತ್ತಾ ಎರಡನೇ ಪುಟಕ್ಕೆ ಹೋದರೆ ನೀವು ಗೆದ್ದಿರಿ.

ಅಜ್ಜನ ಹಳೆಯ ಲೆಕ್ಕದ ಪುಸ್ತಕಗಳು ಅಟ್ಟದಲ್ಲಿ ಸಿಕ್ಕಿವೆ. ಬರೀ ಅಡಕೆ, ಕೂಲಿ, ಸಾಮಾನಿನ ಲೆಕ್ಕ. ಇದರಿಂದ ಬರೆಯಲು ಏನಾದರೂ ಸಿಕ್ಕೀತಾ, ಗುಜರಿಗೆ ಹಾಕಲಾ?
(ಬಾಯಾರು)

ಗುಜರಿಗೆ ಹಾಕಿದರೆ ನಾನು ಬಾಯಾರಿಗೆ ಬಂದು ಜಗಳ ಮಾಡುತ್ತೇನೆ.

ನನ್ನ ಅಜ್ಜನದ್ದೂ ಇಂಥದ್ದೇ ಒಂದು ಪುಸ್ತಕ ಇದೆ. ನೀರಿಗೆ ಸುರಂಗ ತೋಡಿಸಿದ ವರ್ಷದ್ದು. ನಿಮ್ಮೂರಲ್ಲಿ ಸುರಂಗ ಅಂದರೆ ವಿವರಿಸಬೇಕಾಗಿಲ್ಲ, ಉಳಿದವರಿಗೆ ಹೇಳುತ್ತೇನೆ: ಗುಡ್ಡದ ಮುರಕಲ್ಲಿನ ಹೊಟ್ಟೆಗೆ ಅಡ್ಡಕ್ಕೆ ಒಬ್ಬ ಮನುಷ್ಯ ಹೋಗುವಷ್ಟು ಕೊರೆಯುತ್ತಾ ಹೋಗುವುದು, ಒಳಗೆ ಒರತೆ ಸಿಕ್ಕಿದರೆ ನೀರು ತಾನಾಗಿ ಹೊರಗೆ ಹರಿದು ಬರುತ್ತದೆ, ಪಂಪು ಬೇಡ, ಕರೆಂಟು ಬೇಡ. ಸಿಗದಿದ್ದರೆ ದುಡ್ಡೂ ಹೋಯಿತು, ಬೆನ್ನೂ ಹೋಯಿತು. ಅಜ್ಜ ದಿನಕ್ಕೊಂದು ಸಾಲು ಬರೆದಿದ್ದಾರೆ, ಉದ್ದದ ಅಳತೆ ಕೋಲಿನಲ್ಲಿ. ‘ಸುರಂಗ 1 ಕೋಲು. ಆಳು 2. ನೀರಿಲ್ಲ.’ ಮರುದಿನ ‘ಅರ್ಧ ಕೋಲು. ಕಲ್ಲು ಗಟ್ಟಿ. ನೀರಿಲ್ಲ.’ ಹೀಗೆ ಪುಟಗಟ್ಟಲೆ ನೀರಿಲ್ಲ, ನೀರಿಲ್ಲ. ನಡುವೆ ಒಂದು ಕಡೆ ‘ಮಾಣಿಗೆ ಜ್ವರ. ಮದ್ದು 6 ಆಣೆ’ ಅಂತ ಇದೆ. ಮಾಣಿ ಅಂದರೆ ಹುಡುಗ, ಅಪ್ಪನ ಅಣ್ಣ, ನಾನು ನೋಡದ ದೊಡ್ಡಪ್ಪ. ಮತ್ತೆ ನಾಲ್ಕು ದಿನ ಸುರಂಗದ್ದೇ ಲೆಕ್ಕ. ಆಮೇಲೆ ಮೂರು ಸಾಲು, ಮೂರು ದಿನದ್ದು:

‘ಕೆಲಸ ಇಲ್ಲ.’
‘ಕೆಲಸ ಇಲ್ಲ.’
‘ಕೆಲಸ ಇಲ್ಲ.’

ನಾಲ್ಕನೇ ದಿನ ‘ಸುರಂಗ 1 ಕೋಲು. ಆಳು 2.’ ಮಗು ಹೋದ ಸೂತಕ ಮೂರು ದಿನ. ಇದು ನನಗೆ ಗೊತ್ತಾದದ್ದು ಪುಸ್ತಕ ಸಿಕ್ಕಿ ಎಷ್ಟೋ ವರ್ಷದ ಮೇಲೆ, ಅಪ್ಪನ ಹತ್ತಿರ ಆ ಮೂರು ಸಾಲು ತೋರಿಸಿ ಆಳುಗಳು ಯಾಕೆ ಬರಲಿಲ್ಲ, ಹಬ್ಬವಾ ಅಂತ ಕೇಳಿದಾಗ. ಅಪ್ಪ ಪುಸ್ತಕ ತೆಗೆದುಕೊಂಡು ಒಳಗೆ ಹೋದರು. ನಾನು ಅದನ್ನು ಕಥೆ ಮಾಡಲು ಎರಡು ಸಲ ಕೂತು ಎರಡು ಸಲವೂ ಹರಿದು ಹಾಕಿದ್ದೇನೆ. ಅಜ್ಜ ಬರೆದದ್ದಕ್ಕೆ ಸೇರಿಸಲು ನನ್ನ ಹತ್ತಿರ ಏನೂ ಸಿಗಲಿಲ್ಲ.

ನಿಮ್ಮದನ್ನು ನಿಧಾನ ಓದಿ. ಕೂಲಿ ಹೆಚ್ಚಾದ ದಿನ, ಸಾಲ ತಂದ ದಿನ, ಸೀರೆ ತಂದ ದಿನ, ಏನೂ ಬರೆಯದ ದಿನ, ಎಲ್ಲಕ್ಕೂ ಪೆನ್ಸಿಲಿನಲ್ಲಿ ಗುರುತು ಹಾಕಿ. ಮನೆಯಲ್ಲಿ ತೊಂಬತ್ತು ದಾಟಿದವರು ಯಾರಾದರೂ ಇದ್ದರೆ ಈ ವಾರವೇ ಹೋಗಿ ಕೂತು ಕೇಳಿ, ಮುಂದಿನ ವಾರಕ್ಕೆ ಇಡಬೇಡಿ. ಮತ್ತೆ ಪುಟಗಳನ್ನೆಲ್ಲ ಮೊಬೈಲಿನಲ್ಲಿ ಫೋಟೋ ತೆಗೆದಿಡಿ, ಮಳೆ ಹಿಡಿಯುವ ಮೊದಲೇ. ಅಟ್ಟದಲ್ಲಿ ಗೆದ್ದಲು ಇದ್ದೇ ಇರುತ್ತದೆ.